ಒಂದೇ ಬಾಡಿಗೆ ಎರಡು ಸಲ: ಗ್ನೂಕ್ಯಾಶ್, ಆಕ್ಚುಯಲ್, ಫೈರ್‌ಫ್ಲೈ ಮೂರಕ್ಕೂ ಹಾಕಿ ನೋಡ್ದೆ

ಮೇ ತಿಂಗಳಲ್ಲಿ ಮನೆ ಬಾಡಿಗೆ ಎರಡು ಸಲ ಕಟ್ಟಿದೀನಿ ಅಂತ ನನ್ನ ಎಕ್ಸೆಲ್ ಶೀಟ್ ತೋರಿಸ್ತಿತ್ತು. ಓನರ್ ಆಂಟಿಗೆ ಒಂದು ಸಲ ಹಾಕಿದ್ದೇ ಹೆಚ್ಚು, ಎರಡನೇದು ಎಲ್ಲಿಂದ ಬಂತಪ್ಪಾ ಅಂತ ಹುಡುಕಿದ್ರೆ ನಾನೇ ಮಾಡ್ಕೊಂಡ ಎಡವಟ್ಟು. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದ್ಸಲ ಏಪ್ರಿಲ್ 1ರಿಂದ ಮೇ 20ರವರೆಗೆ ಇಳಿಸ್ಕೊಂಡಿದ್ದೆ, ಆಮೇಲೆ ಮರೆತು ಮೇ 1ರಿಂದ ಜೂನ್ 15ರವರೆಗೆ ಇನ್ನೊಂದು ಫೈಲ್, ಮಧ್ಯದ 20 ದಿನ ಎರಡರಲ್ಲೂ ಇದೆ. ಹೆಂಗೂ ಕೆಟ್ಟಿದೆ, ಇದೇ ಎರಡು ಫೈಲ್‌ನ ಮನೆ ಲೆಕ್ಕ ಇಡೋ ಸಾಫ್ಟ್‌ವೇರ್‌ಗಳಾದ ಗ್ನೂಕ್ಯಾಶ್, ಆಕ್ಚುಯಲ್ ಬಜೆಟ್, ಫೈರ್‌ಫ್ಲೈ ತ್ರೀ ಮೂರಕ್ಕೂ ಹಾಕಿ ಯಾವ್ದು ಹೆಂಗೆ ಹಿಡಿಯುತ್ತೆ ನೋಡೋಣ ಅಂತ ಎರಡು ಭಾನುವಾರ ಕೂತೆ. ಮೂರೂ ಓಪನ್ ಸೋರ್ಸ್.

ಆ 20 ದಿನದಲ್ಲಿ ತರಲೆ ಸಾಲುಗಳೂ ಇದ್ವು, ಅದೇ ಒಳ್ಳೇದಾಯ್ತು. ಒಂದೇ ದಿನ ಒಂದೇ ಅಂಗಡೀಲಿ 15 ರೂಪಾಯಿ ಟೀ ಎರಡು ಸಲ (ನಿಜವಾಗ್ಲೂ ಎರಡು ಸಲ ಕುಡಿದಿದ್ದೆ), ಒಂದು ಫೇಲ್ ಆದ ಯುಪಿಐ, ಅಂದ್ರೆ ದುಡ್ಡು ಕಟ್ ಆಗಿ ವಾಪಸ್ ಬಂದಿದ್ದು, ಮತ್ತೆ ಸಂಬಳದ ಅಕೌಂಟಿಂದ ನಮ್ಮಿಬ್ಬರ ಜಾಯಿಂಟ್ ಅಕೌಂಟಿಗೆ ಹಾಕಿದ್ದು.

ಮೊದಲು ಗ್ನೂಕ್ಯಾಶ್. ಬ್ಯಾಂಕ್ ಓಎಫ್ಎಕ್ಸ್ ಫೈಲ್ (ಲೆಕ್ಕದ ಸಾಫ್ಟ್‌ವೇರ್‌ಗಳಿಗಂತಲೇ ಇರೋ ಫಾರ್ಮ್ಯಾಟ್) ಕೊಟ್ಟಿದ್ರೆ ಈ ಕತೆನೇ ಇರ್ತಿರ್ಲಿಲ್ಲ, ಅದರಲ್ಲಿ ಪ್ರತಿ ವಹಿವಾಟಿಗೂ ಬ್ಯಾಂಕೇ ಒಂದು ಐಡಿ ಹಾಕಿರುತ್ತೆ, ಅದೇ ಐಡಿ ಮತ್ತೆ ಬಂದ್ರೆ ಇದು ತಾನೇ ಬಿಟ್ಟುಬಿಡುತ್ತೆ. ನನ್ ಬ್ಯಾಂಕ್ ಕೊಡೋದು ಬರೀ ಎಕ್ಸೆಲ್, ಅದನ್ನ ಸಿಎಸ್‌ವಿ (ಕಾಮಾ ಹಾಕಿ ಬಿಡಿಸಿದ ಬರೀ ಟೆಕ್ಸ್ಟ್ ಫೈಲ್) ಮಾಡ್ಕೋಬೇಕು, ಸಿಎಸ್‌ವಿಲಿ ಐಡಿ ಇಲ್ಲ, ಹಂಗಾಗಿ ಮೊತ್ತ, ತಾರೀಖು, ವಿವರ ನೋಡ್ಕೊಂಡು ಮಾರ್ಕ್ ಹಾಕಿ ಊಹೆ ಮಾಡುತ್ತೆ. ಇಂಪೋರ್ಟ್ ಆಗೋಕೆ ಮುಂಚೆ ಒಂದೊಂದು ಸಾಲೂ ತೋರಿಸುತ್ತೆ, ಹೊಸದು ಅನ್ಸಿದ್ರೆ ಸೇರಿಸು ಅಂತ ಟಿಕ್, ಹಳೇದು ಅನ್ಸಿದ್ರೆ ಬರೀ ಕ್ಲಿಯರ್ ಮಾಡು (ಹೊಸದಾಗಿ ಸೇರಿಸದೆ, ಇರೋದನ್ನೇ ಬ್ಯಾಂಕಲ್ಲಿ ಬಂದಿದೆ ಅಂತ ಗುರುತು ಹಾಕು) ಅಂತ ಟಿಕ್, ನಾವು ಬದಲಾಯಿಸಬಹುದು. ಬಾಡಿಗೆ ಒಂದೇ ಸಲ ಬಂತು. ನಂಗೆ ಖುಷಿ ಆಗಿದ್ದು ಜಾಯಿಂಟ್ ಅಕೌಂಟ್ ವಿಷ್ಯದಲ್ಲಿ, ಮೊದಲ ಫೈಲ್ ಹಾಕುವಾಗ್ಲೇ ಎದುರು ಖಾತೆ, ಅಂದ್ರೆ ದುಡ್ಡು ಹೋದ ಕಡೆ, ಜಾಯಿಂಟ್ ಅಕೌಂಟ್ ಅಂತ ಕೊಟ್ಟಿದ್ರೆ, ಆ ಅಕೌಂಟಿನ ಸ್ಟೇಟ್‌ಮೆಂಟ್ ಹಾಕಿದಾಗ ಅದೇ ವಹಿವಾಟಿನ ಇನ್ನೊಂದು ಕಾಲು ಇದು ಅಂತ ಗುರುತು ಹಿಡಿಯುತ್ತೆ. ಅದನ್ನ ಕೊಡದೆ ಇಂಬ್ಯಾಲೆನ್ಸ್ ಖಾತೆಗೆ (ಎದುರು ಖಾತೆ ಹೇಳದಿದ್ರೆ ಗ್ನೂಕ್ಯಾಶ್ ತಾನೇ ತಳ್ಳೋ ಖಾತೆ) ಹೋಗೋಕೆ ಬಿಟ್ರೋ, ಎರಡು ಬೇರೆ ಬೇರೆ ಎಂಟ್ರಿ ಆಗಿ ಕೂರುತ್ತೆ. ನೋಡೋಕೆ ಮಾತ್ರ ಹಳೇ ಕಾಲದ ಟ್ಯಾಲಿ ಥರ, ನಮ್ಮನೇಲಿ ಇನ್ಯಾರೂ ಮುಟ್ಟಲ್ಲ.

ಆಕ್ಚುಯಲ್ ನೋಡೋಕೆ ಚೆಂದ, ನಮ್ಮವಳಿಗೆ ಇಷ್ಟ ಆಗಿದ್ದು ಇದೇ. ಐಡಿ ಇಲ್ದಿದ್ರೆ ಅದೇ ಮೊತ್ತ 7 ದಿನದ ಆಚೆ ಈಚೆ ಇದ್ಯಾ ನೋಡಿ ಜೋಡಿಸುತ್ತೆ. ಫೈಲ್‌ಗಳು ಒಂದರ ಮೇಲೊಂದು ಬಿದ್ದಿದ್ದಾಗ ಇದು ತುಂಬಾ ಸಲೀಸು, ಇಂಪೋರ್ಟ್ ಒತ್ತಿ ಸುಮ್ನಿದ್ರೆ ಆಯ್ತು. ಆದ್ರೆ ಮುಂದಿನ ಫೈಲ್ ಸರಿಯಾಗಿ ಜೂನ್ 16ರಿಂದ ಇಳಿಸಿ ಹಾಕಿದಾಗ 16ನೇ ತಾರೀಖಿನ ಟೀ ಕಾಣೆ! 15ರ ಟೀನೇ ಇದು ಅಂತ ಅದರೊಳಗೆ ಸೇರಿಸಿಬಿಟ್ಟಿತ್ತು. ಇಂಪೋರ್ಟ್ ವಿಂಡೋದಲ್ಲಿ ಹಳೇದರ ಜೊತೆ ಸೇರಿಸು ಅನ್ನೋ ಟಿಕ್ ಒಂದಿದೆ, ತಾರೀಖು ಬೆರೆಯದ ಫೈಲ್‌ಗೆ ಅದನ್ನ ತೆಗೀಬೇಕಿತ್ತು, ನಾನು ತೆಗೀಲಿಲ್ಲ. ಇನ್ನೊಂದು ಎಡವಟ್ಟೂ ಇಲ್ಲೇ ಆಯ್ತು, ತಾರೀಖಿನ ಫಾರ್ಮ್ಯಾಟ್ ತಿಂಗಳು ಮೊದಲು ಅಂತ ಆರಿಸಿಬಿಟ್ಟಿದ್ದೆ, 03/05 ಅಂದ್ರೆ ಮೇ 3 ಹೋಗಿ ಮಾರ್ಚ್ 5 ಆಯ್ತು, ಸರಿ ಮಾಡಿ ಮತ್ತೆ ಹಾಕಿದ್ರೆ ಅವೆಲ್ಲ ಬೇರೆ ತಾರೀಖಲ್ವಾ, ಎರಡೂ ಉಳೀತು. ಇದು ಯಾವ ಸಾಫ್ಟ್‌ವೇರಲ್ಲೂ ಆಗುತ್ತೆ, ಮೊದಲ ಐದು ಸಾಲು ಕಣ್ಣಾರೆ ನೋಡಿ ಒತ್ತಿ.

ಫೈರ್‌ಫ್ಲೈ ಇದಕ್ಕೆ ಪೂರ್ತಿ ಉಲ್ಟಾ. ಊಹೆ ಗೀಹೆ ಇಲ್ಲ, ಸಾಲಲ್ಲಿ ನಾವು ಆರಿಸಿ ಕೊಟ್ಟ ಕಾಲಂಗಳನ್ನೆಲ್ಲ ಸೇರಿಸಿ ಒಂದು ಹ್ಯಾಶ್ (ಬೆರಳಚ್ಚು ಥರದ ಕೋಡ್) ಮಾಡ್ಕೊಳ್ಳುತ್ತೆ, ಅದು ಮೊದಲೇ ಇದ್ರೆ ಡೂಪ್ಲಿಕೇಟ್ ಅಂತ ತಳ್ಳುತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ವಿವರದಲ್ಲಿ ಒಂದಕ್ಷರ ಆಚೀಚೆ ಆದ್ರೂ ಹೊಸದು ಅಂತ ಒಳಗೆ ಬಿಡುತ್ತೆ, ನನ್ನ ಎರಡೂ ಟೀ ಥರ ಎಲ್ಲಾ ಒಂದೇ ಆಗಿದ್ರೆ ಎರಡನೇದನ್ನ ಆಚೆ ಹಾಕುತ್ತೆ. ಸರಿ ಎಲ್ಲಾ ಅಳಿಸಿ ಮೊದಲಿಂದ ಹಾಕೋಣ ಅಂದ್ರೆ ಅಳಿಸಿದ್ದನ್ನೂ ನೆನಪಿಟ್ಕೊಂಡು ಡೂಪ್ಲಿಕೇಟ್ ಅನ್ನುತ್ತೆ, ಪ್ರೊಫೈಲ್‌ಗೆ ಹೋಗಿ ಪರ್ಜ್ ಮಾಡೋವರೆಗೂ, ಅಂದ್ರೆ ಅಳಿಸಿದ್ದನ್ನ ಪೂರ್ತಿ ತೊಳೆದು ಹಾಕೋವರೆಗೂ ಬಿಡಲ್ಲ. ಅರ್ಧ ದಿನ ಇದಕ್ಕೇ ಹೋಯ್ತು ನಂದು.

ಆದ್ರೆ ಇದರಲ್ಲಿ ಇನ್ನೊಂದು ದಾರಿ ಇದೆ, ಹ್ಯಾಶ್ ಬಿಟ್ಟು ಈ ಕಾಲಂನ ಐಡಿ ಅಂತ ತಗೋ ಅಂತ ಹೇಳಬಹುದು. ನಾನು ಮೊದಲು ಯುಪಿಐ ರೆಫರೆನ್ಸ್ ನಂಬರನ್ನೇ ಐಡಿ ಮಾಡ್ದೆ, 12 ಅಂಕಿ, ಒಂದೊಂದಕ್ಕೂ ಬೇರೆ, ಇನ್ನೇನು ಬೇಕು ಅಂತ. ಎಕ್ಸೆಲ್ ಆ 12 ಅಂಕಿನ 4.12ಇ+11 ಅಂತ ತೋರಿಸಿ ಸಿಎಸ್‌ವಿಗೂ ಹಂಗೇ ಬರ್ದಿತ್ತು, ಸುಮಾರು ಸಾಲಿಗೆ ಒಂದೇ ಐಡಿ! ಲಿಬ್ರೆ ಆಫೀಸಲ್ಲಿ ಆ ಕಾಲಂನ ಟೆಕ್ಸ್ಟ್ ಅಂತ ತೆರೆದ್ಮೇಲೆ ಸರಿ ಹೋಯ್ತು, ಆದ್ರೂ ಫೇಲ್ ಆಗಿ ವಾಪಸ್ ಬಂದಿದ್ರಲ್ಲಿ ಸಿಕ್ಕಾಕೊಂಡೆ, ಹೋಗಿದ್ದಕ್ಕೂ ಬಂದಿದ್ದಕ್ಕೂ ಅದೇ ರೆಫರೆನ್ಸ್, ವಾಪಸ್ ಬಂದ ದುಡ್ಡನ್ನ ಡೂಪ್ಲಿಕೇಟ್ ಅಂದುಬಿಡ್ತು.

ಕೊನೆಗೆ ಕೈ ಹಿಡಿದಿದ್ದು ಸ್ಟೇಟ್‌ಮೆಂಟಿನ ತುದೀಲಿರೋ ಬ್ಯಾಲೆನ್ಸ್ ಕಾಲಂ. ಮೊದಲ ಟೀ ಆದ್ಮೇಲೆ 8,415, ಎರಡನೇದಾದ್ಮೇಲೆ 8,400, ಅಂದ್ರೆ ಟೀ ಎರಡು. ಅದೇ ಫೈಲ್ ನೂರು ಸಲ ಇಳಿಸಿದ್ರೂ ಆ ಸಾಲಿನ ಬ್ಯಾಲೆನ್ಸ್ 8,415ನೇ, ಹಂಗಾಗಿ ತಾರೀಖು, ಮೊತ್ತ, ಬ್ಯಾಲೆನ್ಸ್ ಮೂರನ್ನೂ ಅಂಟಿಸಿ ಒಂದು ಕಾಲಂ ಮಾಡಿ ಅದನ್ನೇ ಐಡಿ ಅಂತ ಕೊಟ್ಟೆ, ಟೀ ಎರಡೂ ಉಳೀತು, ವಾಪಸ್ ಬಂದಿದ್ದೂ ಉಳೀತು, ಬಾಡಿಗೆ ಒಂದೇ.

ಎಸ್ಸೆಮ್ಮೆಸ್ ಓದಿ ಲೆಕ್ಕ ಇಡೋ ಆ್ಯಪ್ ಒಂದನ್ನೂ ಹಾಕಿದ್ದೆ, ವಾರಕ್ಕೇ ತೆಗ್ದೆ. ಎಸ್ಐಪಿ ಕಟ್ ಆಗೋ ಹಿಂದಿನ ದಿನ ನಾಳೆ ಕಟ್ ಆಗುತ್ತೆ ಅಂತ ಮೆಸೇಜ್ ಬರುತ್ತಲ್ಲ, ಅದನ್ನೂ ಖರ್ಚು ಅನ್ನುತ್ತೆ. ಕ್ರೆಡಿಟ್ ಕಾರ್ಡಲ್ಲಿ ತಗೊಂಡ ಚಪ್ಪಲಿನೂ ಖರ್ಚು, ಆ ಕಾರ್ಡ್ ಬಿಲ್ ಕಟ್ಟಿದ್ದೂ ಖರ್ಚು.

ಈಗ ಇಟ್ಕೊಂಡಿರೋದು ಗ್ನೂಕ್ಯಾಶ್. ಫೈರ್‌ಫ್ಲೈ ಐಡಿ ಕಾಲಂ ಎಲ್ಲಕ್ಕಿಂತ ಗಟ್ಟಿ, ಆದ್ರೆ ಅದನ್ನ ನಾವೇ ಒಂದು ಸರ್ವರಲ್ಲಿ ಓಡಿಸ್ಬೇಕು, ಪ್ರತಿ ತಿಂಗಳು ಆ ಸರ್ವರ್ ನೋಡ್ಕೊಂಡು ಕಾಲಂ ಕಟ್ಟೋ ತಾಳ್ಮೆ ನಂಗಿಲ್ಲ. ಗ್ನೂಕ್ಯಾಶಲ್ಲಿ ತಿಂಗಳ ಕೊನೆಗೆ ರೀಕನ್ಸೈಲ್ (ಬ್ಯಾಂಕ್ ಲೆಕ್ಕಕ್ಕೆ ತಾಳೆ ನೋಡೋ ಕಿಟಕಿ) ತೆರೆದು ಸ್ಟೇಟ್‌ಮೆಂಟಿನ ಕೊನೇ ಬ್ಯಾಲೆನ್ಸ್ ಹಾಕಿದ್ರೆ ಎಷ್ಟು ವ್ಯತ್ಯಾಸ ಅಂತ ಹೇಳುತ್ತೆ, ಒಂದೇ ಸಾಲು ಡೂಪ್ಲಿಕೇಟ್ ಆಗಿದ್ರೆ ವ್ಯತ್ಯಾಸ ಸರಿಯಾಗಿ ಆ ಮೊತ್ತದಷ್ಟೇ ಇರುತ್ತೆ, ಹುಡುಕಿದ್ರೆ ಸಿಗುತ್ತೆ. ಜೂನಲ್ಲಿ 236 ರೂಪಾಯಿ ವ್ಯತ್ಯಾಸ ಬಂತು, 236ರ ಎಂಟ್ರಿ ಎಲ್ಲೂ ಇಲ್ಲ, ಸುಮ್ನೆ ಅರ್ಧ ಮಾಡಿ 118 ಹುಡುಕಿದ್ರೆ ಸಿಕ್ತು, ಬ್ಯಾಂಕ್ ಚಾರ್ಜ್ 100, ಜಿಎಸ್‌ಟಿ 18. ಡೂಪ್ಲಿಕೇಟ್ ಅಲ್ಲ ಅದು, ಕೈಯಲ್ಲಿ ಟೈಪ್ ಮಾಡುವಾಗ ನಾನೇ ಡೆಬಿಟ್ ಬದಲು ಕ್ರೆಡಿಟ್‌ಗೆ ಹಾಕಿದ್ದೆ.