ನೆಗಡಿ, ಕೆಮ್ಮು, ಜ್ವರ ಎಲ್ಲಕ್ಕೂ ಒಂದೇ ಸಿರಪ್: ರಾತ್ರಿಗಂತೂ ಬೇಡ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಆ ಎರಡೂ ಹಗಲಿಗೆ. ರಾತ್ರಿ ಮಲಗುವ ಮುಂಚೆ ಕುಡಿಯೋದಾದರೆ ಅದೂ ಇಲ್ಲ.

ಕಂಪನಿ ಹೆಸರು ಬರೆಯುತ್ತಿಲ್ಲ. ಇಂಥದೇ ಬೆರಕೆ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಹೆಸರಿಗಿಂತ ಒಳಗೆ ಏನಿದೆ ಅನ್ನೋದೇ ಮುಖ್ಯ. ರುಚಿ ಪರವಾಗಿಲ್ಲ. ಅಳತೆ ಮುಚ್ಚಳ ಮಾತ್ರ ದಂಡ: ಬಿಳಿ ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ, ಮಂಕು ಬೆಳಕಿನಲ್ಲಿ 5 ಎಂಎಲ್ ಯಾವುದು 10 ಎಂಎಲ್ ಯಾವುದು ಅಂತ ಉಗುರಿನಿಂದ ತಡವಿ ನೋಡಬೇಕು.

ಕೆಮ್ಮು ಬೇಗನೇ ತಗ್ಗಿತು, ಅದನ್ನು ಒಪ್ಪಬೇಕು. ಮೂಗೂ ಬಿಟ್ಟಿತು. ಆದರೆ ನಿದ್ದೆ ಹತ್ತಬೇಕು ಅನ್ನುವಷ್ಟರಲ್ಲಿ ಎದೆ ಢವಢವ ಹೊಡೆದುಕೊಳ್ಳೋಕೆ ಶುರು. ಮಗ್ಗುಲು ಬದಲಿಸಿದರೆ ದಿಂಬಿಗೆ ಒತ್ತಿದ ಕಿವಿಯಲ್ಲೇ ಬಡಿತ ಕೇಳಿಸುತ್ತದೆ, ಬೆರಳು ಸಣ್ಣಗೆ ನಡುಗುತ್ತದೆ, ಏನೋ ಆಗಿಬಿಡುತ್ತೆ ಅನ್ನೋ ಗಾಬರಿ ಬೇರೆ. ಗಾಬರಿಗೆ ಉಸಿರು ಜೋರಾಗುತ್ತದೆ, ಜೋರು ಉಸಿರಿಗೆ ಗಂಟಲು ಒಣಗಿ ಮತ್ತೆ ಕೆಮ್ಮು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ 97, ನಾಡಿ ಮಾತ್ರ 110 ದಾಟಿತ್ತು. ದೊಡ್ಡವರಿಗೆ ಸುಮ್ನೆ ಕೂತಾಗ 60ರಿಂದ 100 ಇರಬೇಕು.

ಇದಕ್ಕೆ ಕಾರಣ ಲೇಬಲ್‌ನಲ್ಲೇ ಇದೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಸ್ಯೂಡೋಎಫೆಡ್ರಿನ್. ಮೂಗಿನೊಳಗೆ ಊದಿಕೊಂಡ ರಕ್ತನಾಳಗಳನ್ನು ಕುಗ್ಗಿಸಿ ಉಸಿರಾಟಕ್ಕೆ ದಾರಿ ಮಾಡಿಕೊಡೋದು ಇದರ ಕೆಲಸ. ಆದರೆ ಅದು ಮೂಗಿನಲ್ಲೇ ನಿಲ್ಲುವುದಿಲ್ಲ. ಹೃದಯದ ಬಡಿತ ಏರಿಸುತ್ತದೆ, ಬಿಪಿ ಏರಿಸಬಹುದು, ನಿದ್ದೆ ಕೆಡಿಸುತ್ತದೆ, ಚಡಪಡಿಕೆ ತರುತ್ತದೆ. ಪರಿಣಾಮ ನಾಲ್ಕಾರು ಗಂಟೆ ಇರುತ್ತದೆ, ಅಂದರೆ ಹತ್ತಕ್ಕೆ ಕುಡಿದರೆ ನಡುರಾತ್ರಿಯೆಲ್ಲ ಅದರದ್ದೇ. ಇದು ಗೊತ್ತಿದ್ದೂ ಬಾಟಲಿಯ ಮುಂದುಗಡೆ ‘ರಾತ್ರಿ ಬೇಡ’ ಅಂತ ಒಂದು ಸಾಲು ಹಾಕೋಕೆ ಏನು ಕಷ್ಟ ಹೇಳಿ? ನನ್ನ ದೂರು ಮುಖ್ಯವಾಗಿ ಅದೇ.

ಕೆಲವು ಸಿರಪ್‌ಗಳಲ್ಲಿ ಇದರ ಬದಲು ಫೀನೈಲೆಫ್ರಿನ್ ಇರುತ್ತದೆ. ಅದರ ಕಥೆ ಇನ್ನೂ ಚೆನ್ನಾಗಿದೆ. ನುಂಗುವ ರೂಪದಲ್ಲಿ ಅದು ಕಟ್ಟಿದ ಮೂಗಿಗೆ ಕೆಲಸವನ್ನೇ ಮಾಡುವುದಿಲ್ಲ ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರೆದ ತಜ್ಞರ ಸಮಿತಿ ಹೇಳಿತು, 2024ರಲ್ಲಿ ಎಫ್‌ಡಿಎ ಅದನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಹುದಾದ ಮೂಗುಕಟ್ಟಿನ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪವನ್ನೂ ಮುಂದಿಟ್ಟಿತು. ಇನ್ನು ಕಫದ ಸಿರಪ್ ಅಂತ ಕೊಡುವ ಕೆಲವದರಲ್ಲಿ ಸಾಲ್ಬುಟಮಾಲ್ ಅಥವಾ ಟರ್ಬ್ಯುಟಲಿನ್ ಇರುತ್ತದೆ. ಉಬ್ಬಸ ಇದ್ದವರಿಗೆ ಅವು ಬೇಕು, ಆದರೆ ಕೈನಡುಕ, ಎದೆಬಡಿತ ಅವುಗಳಲ್ಲೂ ಇದ್ದದ್ದೇ.

ಎಲ್ಲ ತಪ್ಪನ್ನೂ ಬಾಟಲಿ ಮೇಲೆ ಹಾಕೋಕಾಗಲ್ಲ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಹತ್ತು ಏರುತ್ತದೆ. ನೀರು ಕಡಿಮೆಯಾದರೂ ಏರುತ್ತದೆ. ಮಲಗಿದಾಗ ಮೂಗಿನ ಸಿಂಬಳ ಗಂಟಲ ಹಿಂದೆ ಇಳಿಯೋದರಿಂದ ಕೆಮ್ಮು ರಾತ್ರಿಯೇ ಜಾಸ್ತಿ. ಇಷ್ಟರ ಮೇಲೆ ಈ ಸಿರಪ್, ಜೊತೆಗೆ ಸಂಜೆ ಒಂದು ಸ್ಟ್ರಾಂಗ್ ಕಾಫಿ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಮರುದಿನದಿಂದ ರಾತ್ರಿಗೆ ಇದನ್ನು ಬಿಟ್ಟೆ. ಫಾರ್ಮಸಿಸ್ಟ್ ಹತ್ತಿರ ಕೇಳಿ ಕೆಮ್ಮು ತಗ್ಗಿಸುವ ಡೆಕ್ಸ್ಟ್ರೋಮೆಥಾರ್ಫನ್ ಅನ್ನೋ ಔಷಧ ಮಾತ್ರ ಇರುವ ಸಿರಪ್ ತಂದೆ. ಮೂಗಿಗೆ ಉಪ್ಪುನೀರಿನ ಸ್ಪ್ರೇ, ತಲೆ ಕೆಳಗೆ ಇನ್ನೊಂದು ದಿಂಬು, ಮಲಗುವ ಮುಂಚೆ ಒಂದು ಚಮಚ ಜೇನು (ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು). ಕೆಮ್ಮು ಪೂರ್ತಿ ಹೋಗಲಿಲ್ಲ, ಎದೆ ಮಾತ್ರ ತಣ್ಣಗಾಯಿತು. ಖಿನ್ನತೆಗೋ ಆತಂಕಕ್ಕೋ ಮಾತ್ರೆ ತಗೊಳ್ಳುವವರು ಡೆಕ್ಸ್ಟ್ರೋಮೆಥಾರ್ಫನ್ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ, ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಬಿಪಿ, ಹೃದಯದ ತೊಂದರೆ, ಥೈರಾಯ್ಡ್ ಜಾಸ್ತಿ ಇರುವವರು ಸ್ಯೂಡೋಎಫೆಡ್ರಿನ್ ಇರುವುದನ್ನು ಸ್ವಂತ ಬುದ್ಧಿಯಿಂದ ಕೊಳ್ಳಬೇಡಿ.

ಸಿರಪ್ ಬಿಟ್ಟ ಮೇಲೂ ಬಡಿತ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಎದೆನೋವು, ಉಸಿರು ಸಿಗದಿರುವುದು, ತಲೆಸುತ್ತಿ ಬೀಳುವಂತಾಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಮೂಗು ಕಟ್ಟಿಕೊಂಡೇ ಹಗಲು ಕೆಲಸ ಮಾಡಬೇಕಾದವರು, ಬೇರೆ ಕಾಯಿಲೆ ಇಲ್ಲದವರು, ಈ ಬಾಟಲಿ ತಗೊಳ್ಳಬಹುದು. ಇದರಲ್ಲಿ ಪ್ಯಾರಸಿಟಮಾಲ್ ಕೂಡ ಇದೆ, ಮೇಲೆ ಇನ್ನೊಂದು ಜ್ವರದ ಮಾತ್ರೆ ನುಂಗಬೇಡಿ.