ಶೆಲ್ ಸ್ಟಾಲೋ, ಖಾಲಿ ಜಾಗವೋ? ನಿಯಮ ನೋಡಿ ಆರಿಸಿ

ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಂಥ ಕಡೆ ಮೊದಲ ಸಲ ಸ್ಟಾಲ್ ಹಾಕುವವರಿಗೆ ಖಾಲಿ ಜಾಗದ ಬಾಡಿಗೆ ಕಡಿಮೆ ಅನ್ನಿಸುತ್ತದೆ. ಆದರೆ ಬಾಡಿಗೆ ನೋಡುವ ಮೊದಲು ಎಕ್ಸಿಬಿಟರ್ ಮ್ಯಾನ್ಯುಯಲ್ (ಸ್ಟಾಲ್ ಹಾಕುವವರಿಗೆ ಆಯೋಜಕರು ಕೊಡುವ ನಿಯಮಗಳ ಕೈಪಿಡಿ) ಓದಿ.

ಶೆಲ್ ಸ್ಟಾಲ್, ಅಂದರೆ ಆಯೋಜಕರೇ ಕಟ್ಟಿಕೊಡುವ ಸಿದ್ಧ ಸ್ಟಾಲ್, ಸಾಮಾನ್ಯವಾಗಿ 9 ಚದರ ಮೀಟರ್‌ನಿಂದ ಶುರು. ಪ್ಯಾನೆಲ್, ಹೆಸರಿನ ಪಟ್ಟಿ, ಮೇಜು, ಕುರ್ಚಿ, ದೀಪ, ಪ್ಲಗ್ ಎಲ್ಲ ಆಯೋಜಕರದ್ದೇ. ಪ್ಯಾನೆಲ್‌ಗೆ ಮೊಳೆ ಹೊಡೆಯಬೇಡಿ, ಹಾಳು ಮಾಡಿದರೆ ದಂಡ. ಇಷ್ಟು ನೆನಪಿಟ್ಟರೆ ಬಹುಪಾಲು ಮುಗಿಯಿತು.

ಖಾಲಿ ಜಾಗದಲ್ಲಿ ಸಿಗುವುದು ಬರೀ ನೆಲ. ಸ್ಟಾಲ್ ಡಿಸೈನ್ ಮೊದಲೇ ಕಳಿಸಿ ಒಪ್ಪಿಗೆ ಪಡೆಯಬೇಕು. ಎತ್ತರಕ್ಕೆ ಮಿತಿ ಇರುತ್ತದೆ. ಬೇಗ ಬೆಂಕಿ ಹಿಡಿಯದ ಸಾಮಾನನ್ನೇ ಬಳಸಬೇಕು. ಪಕ್ಕದವರಿಗೆ ಕಾಣುವ ಹಿಂಬದಿಗೂ ನೀವೇ ಫಿನಿಶಿಂಗ್ ಕೊಡಬೇಕು. ಎಷ್ಟೋ ಕಡೆ ಸ್ಟಾಲ್ ಕಟ್ಟುವ ಕಾಂಟ್ರಾಕ್ಟರ್‌ ಡೆಪಾಸಿಟ್ ಕಟ್ಟಬೇಕು, ಕಸ ಬಿಟ್ಟುಹೋದರೆ ಅದರಲ್ಲೇ ಕಡಿತ. ಕರೆಂಟಿಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೇರೆ ದುಡ್ಡು. ದೊಡ್ಡ ಯಂತ್ರ ಓಡಿಸಿ ತೋರಿಸುವವರಿಗೆ ಇಷ್ಟು ಓಡಾಟ ಸಾರ್ಥಕ. ಉಪ್ಪಿನಕಾಯಿ, ಸೀರೆ, ಸಾಫ್ಟ್‌ವೇರ್ ತೋರಿಸುವವರಿಗೆ ಶೆಲ್ ಸಾಕು, ಅಲ್ವಾ? ಉಳಿದ ದುಡ್ಡಿನಲ್ಲಿ ಒಳ್ಳೆಯ ಬ್ಯಾನರ್ ಮಾಡಿಸಿ.

ಎರಡಕ್ಕೂ ಒಂದೇ ಆಗಿರುವ ನಿಯಮ ಜಿಎಸ್‌ಟಿಯದು, ಜನ ಮರೆಯುವುದೂ ಅದನ್ನೇ. ಜಿಎಸ್‌ಟಿ ನೋಂದಣಿ ಇಲ್ಲದ ಬೇರೆ ರಾಜ್ಯದಲ್ಲಿ ತೆರಿಗೆ ಬೀಳುವ ಸರಕನ್ನು ಸ್ಟಾಲಿನಲ್ಲೇ ಮಾರುವುದಾದರೆ, ಸಾಮಾನ್ಯವಾಗಿ ಅಲ್ಲಿ ತಾತ್ಕಾಲಿಕ ನೋಂದಣಿ ಬೇಕು. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಅರ್ಜಿ ಹಾಕಬೇಕು, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಅದು ಗರಿಷ್ಠ 90 ದಿನ ನಡೆಯುತ್ತದೆ, ಬೇಕಾದರೆ ವಿಸ್ತರಿಸಬಹುದು. ಮಾರದೆ ಸುಮ್ನೆ ತೋರಿಸಿ ವಾಪಸ್ ತರುವ ಸರಕಿಗೆ ಡೆಲಿವರಿ ಚಲನ್ (ಮಾರಾಟವಲ್ಲದ ಸಾಗಣೆಗೆ ಸರಕಿನ ಜೊತೆ ಇರಬೇಕಾದ ಚೀಟಿ) ಮಾಡಿಸಿಕೊಳ್ಳಿ.