ನಾಲ್ಕೇ ತಂತಿಯಿರುವ ಹಳೆಯ ಮನೆಗೆ ಇಕೋಬೀ3 ಲೈಟ್ ಥರ್ಮೋಸ್ಟ್ಯಾಟ್

ಓಹಾಯೋದಲ್ಲಿ ನಾವು ಕೊಂಡ ಮನೆ 1970ರ ದಶಕದ್ದು. ನೆಲಮಾಳಿಗೆಯಲ್ಲಿ ಮನೆಗೆ ಬಿಸಿಗಾಳಿ ಕಳಿಸುವ ಗ್ಯಾಸ್ ಫರ್ನೇಸ್, ಹಿತ್ತಿಲಲ್ಲಿ ಏಸಿಯ ಹೊರಘಟಕ, ಇವೆರಡನ್ನೂ ನಡೆಸಲು ಹಜಾರದ ಗೋಡೆಯ ಮೇಲೆ ಗುಂಡನೆಯ ಹಳೆಯ ಥರ್ಮೋಸ್ಟ್ಯಾಟ್. ಅದರ ಮುಚ್ಚಳ ತೆಗೆದರೆ ಒಳಗೆ ಲೋಹದ ಪಟ್ಟಿಯ ಸುರುಳಿ, ಅದರ ತಲೆಯ ಮೇಲೊಂದು ಪುಟ್ಟ ಗಾಜಿನ ಬುರುಡೆ, ಬುರುಡೆಯೊಳಗೆ ಪಾದರಸದ ಒಂದು ಹನಿ. ಮನೆ ತಣ್ಣಗಾದಂತೆ ಸುರುಳಿ ತಿರುಗಿ ಬುರುಡೆ ವಾಲುತ್ತದೆ, ಪಾದರಸ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ, ಕೆಳಗೆ ಫರ್ನೇಸ್ ಹೊತ್ತಿಕೊಳ್ಳುತ್ತದೆ. ಇಷ್ಟಕ್ಕೆ ಥರ್ಮೋಸ್ಟ್ಯಾಟಿಗೆ ತನ್ನದೇ ಆದ ವಿದ್ಯುತ್ ಬೇಕಿರಲಿಲ್ಲ. ಆದ್ದರಿಂದಲೇ ಆ ಕಾಲದ ಎಷ್ಟೋ ಮನೆಗಳಲ್ಲಿ ನಾಲ್ಕೇ ತಂತಿಗಳಿವೆ: 24 ವೋಲ್ಟ್ ವಿದ್ಯುತ್ ತರುವ ‘ಆರ್’, ಬಿಸಿಗೆ ‘ಡಬ್ಲ್ಯೂ’, ತಂಪಿಗೆ ‘ವೈ’, ಫ್ಯಾನಿಗೆ ‘ಜಿ’. ಪರದೆ ಮತ್ತು ವೈಫೈ ಇರುವ ಇಂದಿನ ಥರ್ಮೋಸ್ಟ್ಯಾಟ್ ಸದಾ ಎಚ್ಚರವಾಗಿರಬೇಕಾದ್ದರಿಂದ ಅದಕ್ಕೆ ‘ಸಿ’ ಎಂಬ ಐದನೆಯ ತಂತಿಯೂ ಬೇಕು.

ಗೋಡೆ ಕೊರೆದು ಹೊಸ ತಂತಿ ಎಳೆಯುವ ಖರ್ಚು ಬೇಡವೆಂದು ನಾನು ಇಕೋಬೀ3 ಲೈಟ್ ಆರಿಸಿಕೊಂಡೆ. ಇದರ ಪೆಟ್ಟಿಗೆಯಲ್ಲೇ ‘ಪವರ್ ಎಕ್ಸ್‌ಟೆಂಡರ್ ಕಿಟ್’ (ಪಿಇಕೆ) ಎಂಬ ಚಿಕ್ಕ ಬಿಳಿಯ ಡಬ್ಬಿ ಬರುತ್ತದೆ; ನಾಲ್ಕೇ ತಂತಿಯಿದ್ದರೂ ಥರ್ಮೋಸ್ಟ್ಯಾಟಿಗೆ ಸದಾ ವಿದ್ಯುತ್ ಸಿಗುವಂತೆ ಮಾಡುವುದು ಇದೇ. ಗೋಡೆಯಿಂದ ಬರುವ ನಾಲ್ಕು ತಂತಿಗಳನ್ನು ಫರ್ನೇಸಿನೊಳಗಿನ ಕಂಟ್ರೋಲ್ ಬೋರ್ಡಿನಿಂದ ಬಿಡಿಸಿ ಈ ಡಬ್ಬಿಗೆ ಸೇರಿಸಬೇಕು, ಡಬ್ಬಿಯಿಂದ ಹೊರಟ ಐದು ತಂತಿಗಳನ್ನು ಬೋರ್ಡಿಗೆ ಕೊಡಬೇಕು. ಮೇಲೆ ಥರ್ಮೋಸ್ಟ್ಯಾಟಿನ ಕಡೆ ‘ಆರ್’ ತಂತಿ ‘ಆರ್‌ಸಿ’ಗೆ, ‘ಡಬ್ಲ್ಯೂ’ ತಂತಿ ‘ಡಬ್ಲ್ಯೂ1’ಕ್ಕೆ ಹೋಗುತ್ತವೆ, ಫ್ಯಾನಿನ ‘ಜಿ’ ತಂತಿ ‘ಸಿ’ಗೂ ತಂಪಿನ ‘ವೈ’ ತಂತಿ ‘ಪಿಇಕೆ’ ಎಂದು ಬರೆದಲ್ಲಿಗೂ ಹೋಗುತ್ತವೆ. ಮೊದಲ ನೋಟಕ್ಕೆ ತಪ್ಪೆನ್ನಿಸುವ ಜೋಡಣೆಯೇ ಇಲ್ಲಿ ಸರಿಯಾದದ್ದು. ತಂತಿಯ ಬಣ್ಣವನ್ನು ನಂಬದೆ, ಅದು ಹಳೆಯ ಥರ್ಮೋಸ್ಟ್ಯಾಟಿನ ಯಾವ ಅಕ್ಷರದ ಕೆಳಗಿತ್ತು ಎಂಬುದನ್ನೇ ನೋಡಿ, ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೆಲಸಕ್ಕೆ ಮೊದಲು ಏಸಿಯ ಬ್ರೇಕರ್ ಆರಿಸಿದರೆ ಸಾಲದು, ಫರ್ನೇಸಿನದನ್ನೂ ಆರಿಸಬೇಕು; 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುವುದು ಸಾಮಾನ್ಯವಾಗಿ ಫರ್ನೇಸಿನೊಳಗೆ. ಅದು ಚಾಲೂ ಇದ್ದಾಗ ‘ಆರ್’ ಮತ್ತು ‘ಸಿ’ ಒಂದಕ್ಕೊಂದು ತಗುಲಿದರೆ ಬೋರ್ಡಿನ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಬೋರ್ಡಾದರೆ ಟ್ರಾನ್ಸ್‌ಫಾರ್ಮರೇ ಸುಡಬಹುದು.

ನಾನು ಎಡವಿದ್ದು ಬೋರ್ಡಿನ ‘ವೈ’ ಸ್ಕ್ರೂವಿನಲ್ಲಿ. ಅದರ ಕೆಳಗೆ ಎರಡು ತಂತಿಗಳಿರುತ್ತವೆ: ಒಂದು ಥರ್ಮೋಸ್ಟ್ಯಾಟಿನಿಂದ ಬಂದದ್ದು, ಇನ್ನೊಂದು ಹಿತ್ತಿಲ ಹೊರಘಟಕಕ್ಕೆ ಹೋಗುವಂಥದ್ದು. ಮೊದಲನೆಯದನ್ನು ಮಾತ್ರ ಡಬ್ಬಿಗೆ ತಂದು, ಎರಡನೆಯದನ್ನು ಅಲ್ಲೇ ಬಿಡಬೇಕು. ಸ್ಕ್ರೂ ಸಡಿಲಿಸಿದಾಗ ಎರಡನೆಯದೂ ಜಾರಿ ಫರ್ನೇಸಿನ ಮೂಲೆಯಲ್ಲಿ ನೇತಾಡುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಆಗ ನವೆಂಬರ್ ತಿಂಗಳು; ಬಿಸಿಗಾಳಿ ಚೆನ್ನಾಗಿ ಬಂತು, ಚಳಿಗಾಲ ಪೂರ್ತಿ ಯಾವ ತೊಂದರೆಯೂ ಇರಲಿಲ್ಲ. ಮೇ ತಿಂಗಳಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದಾಗ ಮೊದಲ ಸೆಕೆ ಶುರುವಾಯಿತು. ಏಸಿ ಹಾಕಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ತಂಪು ಮಾಡುತ್ತಿದ್ದೇನೆಂದು ತೋರಿಸುತ್ತಿತ್ತು, ಹಿತ್ತಿಲಲ್ಲಿ ಮಾತ್ರ ಸದ್ದೇ ಇಲ್ಲ. ಎರಡು ದಿನ ಹುಡುಕಿದ ಮೇಲೆ ಆ ಹಳದಿ ತಂತಿ ಸಿಕ್ಕಿತು. ಅದನ್ನು ‘ವೈ’ ಸ್ಕ್ರೂವಿನ ಕೆಳಗೆ ಮತ್ತೆ ಬಿಗಿಯಲು ಎರಡು ನಿಮಿಷ ಸಾಕಾಯಿತು. ಹೊರಗೆ ಬಹಳ ತಣ್ಣಗಿರುವಾಗ ಹೊರಘಟಕದೊಳಗಿನ ಕಂಪ್ರೆಸರ್ ಓಡಿಸುವುದು ಅದಕ್ಕೆ ಒಳ್ಳೆಯದಲ್ಲವಾದ್ದರಿಂದ ಚಳಿಗಾಲದಲ್ಲಿ ತಂಪಿನ ಪರೀಕ್ಷೆ ಮಾಡುವಂತಿಲ್ಲ. ಹಾಗಾಗಿ ಈ ಕೆಲಸಕ್ಕೆ ಬಿಸಿ ತಂಪು ಎರಡನ್ನೂ ಒಂದೇ ದಿನ ನಡೆಸಿ ನೋಡಬಹುದಾದ ವಸಂತದ ಅಥವಾ ಸೆಪ್ಟೆಂಬರಿನ ಒಂದು ಹದವಾದ ದಿನವನ್ನು ಆರಿಸಿಕೊಳ್ಳಿ. ಹೊರಘಟಕ ತಕ್ಷಣ ಏಳದಿದ್ದರೆ ಗಾಬರಿ ಬೇಡ. ಕಂಪ್ರೆಸರಿನ ರಕ್ಷಣೆಗೆಂದು ಥರ್ಮೋಸ್ಟ್ಯಾಟ್ ಕೆಲವು ನಿಮಿಷ ತಡೆದೇ ಅದನ್ನು ಓಡಿಸುತ್ತದೆ.

ಉಪಕರಣದ ಬಗ್ಗೆ ನನಗೆ ಪೂರ್ತಿ ತೃಪ್ತಿಯಿದೆ. ಗೋಡೆಗೆ ಕೂರುವ ಹಲಗೆಯಲ್ಲೇ ಮಟ್ಟಗೋಲಿನ ಗುಳ್ಳೆಯಿದೆ, ತಂತಿ ಸರಿಯಾಗಿ ಹೊಕ್ಕರೆ ಅದರ ಗುಂಡಿ ಒತ್ತಿದಂತೆಯೇ ನಿಲ್ಲುತ್ತದೆ, ಯಾವ ತಂತಿಗಳು ಸೇರಿವೆ ಎಂಬುದನ್ನು ಪರದೆಯೇ ತೋರಿಸುತ್ತದೆ. ಕೋಣೆಗಳಲ್ಲಿ ಇಡುವ ಸೆನ್ಸರನ್ನು ಬೇರೆಯಾಗಿ ಕೊಳ್ಳಬೇಕು, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಜೋಡಿಸಲು ಇದರಲ್ಲಿ ಜಾಗವಿಲ್ಲ. ಅದು ಬೇಕಿದ್ದವರು ದೊಡ್ಡ ಮಾದರಿಗೇ ಹೋಗುವುದು ಮೇಲು. ನಿಮ್ಮ ಗೋಡೆಯಲ್ಲಿ ದಪ್ಪನೆಯ ತಂತಿಗಳಿದ್ದು ಅವು 120 ಅಥವಾ 240 ವೋಲ್ಟಿನವಾಗಿದ್ದರೆ ಈ ಥರ್ಮೋಸ್ಟ್ಯಾಟ್ ಅಲ್ಲಿಗೆ ಸಲ್ಲದು, ಆ ತಂತಿಗಳನ್ನು ಮುಟ್ಟದೆ ಎಲೆಕ್ಟ್ರಿಷಿಯನ್ ಅವರನ್ನು ಕರೆಯಿಸಿ. ಬಿಚ್ಚಿದ ಹಳೆಯದರಲ್ಲಿ ಪಾದರಸವಿದ್ದರೆ ಕಸದ ಬುಟ್ಟಿಗೆ ಹಾಕಬೇಡಿ. ನಾನು ಅದನ್ನು ಬುರುಡೆ ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಕೇಂದ್ರಕ್ಕೆ ಕೊಟ್ಟು ಬಂದೆ.